ಬಾಲ್ಕನಿ ತೋಟಕ್ಕೂ ಒಂದು ಆಟಿ: ಮುಂಬಯಿಯ ಮಳೆಗಾಲದಲ್ಲಿ ತೋಟಗಾರರು ಬಿಡುವು ಮಾಡಿಕೊಳ್ಳುವ ಬಗೆ

ಚಳಿಗಾಲದಲ್ಲಿ ತೋಟ ಮಲಗುತ್ತದೆ, ತೋಟಗಾರರೂ ದಣಿವಾರಿಸಿಕೊಳ್ಳಲಿ ಎನ್ನುವುದು ಹಿಮ ಬೀಳುವ ನಾಡುಗಳ ಸಲಹೆ. ಮುಂಬಯಿಯಲ್ಲಿ ಅದನ್ನು ನಂಬಿ ಕೂತರೆ ವರ್ಷದ ಅತಿ ಒಳ್ಳೆಯ ನಾಲ್ಕು ತಿಂಗಳು ಕೈತಪ್ಪುತ್ತವೆ. ಟೊಮೆಟೊ, ಮೆಂತ್ಯ, ಪಾಲಕ್, ಸೇವಂತಿಗೆ ಇವೆಲ್ಲ ಇಲ್ಲಿ ಚೆನ್ನಾಗಿ ಬರುವುದೇ ನವೆಂಬರಿನಿಂದ ಫೆಬ್ರವರಿಯೊಳಗೆ. ಇಲ್ಲಿಯ ಬಾಲ್ಕನಿ ತೋಟ ನಿಜವಾಗಿ ನಿಲ್ಲುವುದು ಜೂನ್ ಎರಡನೇ ವಾರದಿಂದ ಸೆಪ್ಟೆಂಬರ್ ಕೊನೆಯವರೆಗೆ. ಜುಲೈ ಒಂದರಲ್ಲೇ ಸರಾಸರಿ 800 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ದಿನಗಟ್ಟಲೆ ಬಿಸಿಲಿಲ್ಲ, ಗಾಳಿಯಲ್ಲಿ ತೇವ ಬಹುಪಾಲು ಶೇ. 80ರ ಮೇಲೆಯೇ. ಬೆಳಕಿಲ್ಲದ ಗಿಡಕ್ಕೆ ನೀವು ಏನು ಹಾಕಿದರೂ ಅದು ಉಣ್ಣುವುದಿಲ್ಲ.

ತುಳುನಾಡಿನ ಬೇಸಾಯಕ್ಕೆ ಈ ಬಿಡುವು ಹೊಸದೇನಲ್ಲ. ನೇಜಿ (ಭತ್ತದ ಸಸಿ) ನೆಟ್ಟು ಮುಗಿದ ಮೇಲೆ, ಕರ್ಕ ಸಂಕ್ರಮಣದಿಂದ ಸಿಂಹ ಸಂಕ್ರಮಣದವರೆಗಿನ ಆಟಿ ತಿಂಗಳಲ್ಲಿ ಗದ್ದೆಯ ಕೆಲಸ ತೀರಾ ಕಡಿಮೆ. ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು, ಅಡುಗೆಗೆ ತಾನಾಗಿ ಹುಟ್ಟಿದ ತಜಂಕ್ ಸೊಪ್ಪು, ಕೆಸು, ಕಣಿಲೆ (ಎಳೆ ಬಿದಿರು) ಸಾಕಾಗುತ್ತಿತ್ತು. ಮುಲುಂಡ್, ಡೊಂಬಿವಲಿ, ಮೀರಾ ರೋಡ್‌ಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯವರ ಬಾಲ್ಕನಿಗಳಿಗೂ ಇದೇ ಪಂಚಾಂಗ ಸರಿಹೊಂದುತ್ತದೆ.

ಜೂನ್ 5ರೊಳಗೆ ತೋಟವನ್ನು ಮಲಗಿಸಿ

ಮೊದಲ ಜೋರು ಮಳೆ ಸಾಮಾನ್ಯವಾಗಿ ಜೂನ್ 10ರ ಆಸುಪಾಸಿಗೆ ಬರುತ್ತದೆ. ಅದಕ್ಕೆ ಮೊದಲೇ ಕೈಬಿಡಬೇಕಾದ್ದನ್ನು ಕೈಬಿಡಿ. ಸೊರಗಿದ ಟೊಮೆಟೊ, ಹೀರೆ, ಸೌತೆ ಬಳ್ಳಿಗಳನ್ನು ಬೇರುಸಹಿತ ಕೀಳಿ. ಇನ್ನೊಂದು ವಾರ ನೋಡೋಣ ಎಂದು ಉಳಿಸಿಕೊಂಡ ಬಳ್ಳಿಯೇ ಜೂನ್ ಕೊನೆಗೆ ಬೂಷ್ಟಿನ ತವರಾಗುತ್ತದೆ. ಬದನೆ, ಮೆಣಸಿನ ಗಿಡಗಳು ಗಟ್ಟಿಯಾಗಿದ್ದರೆ ನೆಲದಿಂದ ಒಂದು ಅಡಿ ಬಿಟ್ಟು ಕತ್ತರಿಸಿ. ಮಳೆ ಮುಗಿದ ಮೇಲೆ ಅದೇ ಕಾಂಡದಿಂದ ಮತ್ತೆ ಚಿಗುರುತ್ತವೆ.

ಆಮೇಲೆ ಕುಂಡಗಳ ತಳ. 12 ಇಂಚಿನ ಕುಂಡಕ್ಕೆ ಬೆರಳಗಲದ ನಾಲ್ಕೈದು ತೂತುಗಳಾದರೂ ಬೇಕು. ಇದ್ದ ತೂತುಗಳು ಬೇರು, ಮಣ್ಣು ಸೇರಿ ಮುಚ್ಚಿರುತ್ತವೆ; ಕೆಳಗಿನಿಂದ ಸ್ಕ್ರೂಡ್ರೈವರ್ ಹಾಕಿ ಬಿಡಿಸಿ. ಪ್ರತಿ ಕುಂಡದಡಿ ಮೂರು ಹೆಂಚಿನ ಚೂರುಗಳನ್ನಿಟ್ಟು ಒಂದು ಇಂಚು ಎತ್ತರಿಸಿ. ಸಪಾಟು ಟೈಲ್ಸ್ ಮೇಲೆ ಕೂತ ಕುಂಡದಿಂದ ನೀರು ಇಳಿಯುವುದಿಲ್ಲ, ಕೆಳಗಿನ ಮನೆಯ ಚಾವಣಿಗೆ ಜಿನುಗಿ ಸೊಸೈಟಿಯಲ್ಲಿ ಜಗಳ ಬೇರೆ.

ಕುಂಡದಡಿಯ ತಟ್ಟೆಗಳನ್ನು ಎತ್ತಿಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ತೆಗೆದುಕೊಳ್ಳುವುದು ಏಳರಿಂದ ಹತ್ತು ದಿನ ಮಾತ್ರ. ಅದರ ಮೊಟ್ಟೆ ಒಣಗಿದ ತಟ್ಟೆಯ ಅಂಚಿನಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ನೀರು ಚೆಲ್ಲಿದರಷ್ಟೇ ಸಾಲದು, ನಾರಿನಿಂದ ಅಂಚನ್ನು ಉಜ್ಜಿ ತೊಳೆದು, ಕವುಚಿ ಇಡಬೇಕು.

ಗೊಬ್ಬರ ಮೇ ಕೊನೆಗೇ ನಿಲ್ಲಲಿ. ಮಳೆ ಬೀಳುವ ಕುಂಡದಲ್ಲಿ ಸಾರಜನಕ, ಪೊಟ್ಯಾಷ್ ಎರಡೂ ನೀರಿನ ಜೊತೆ ಇಳಿದುಹೋಗುತ್ತವೆ. ಮಳೆ ಬೀಳದ ಕುಂಡದಲ್ಲಿ ಮಂದ ಬೆಳಕಿಗೆ ಉದ್ದುದ್ದ ಬೆಳೆದ ಎಳೆ ಚಿಗುರು ರೋಗವನ್ನು ಕರೆಯುತ್ತದೆ. ಅಡೀನಿಯಂ, ಕಳ್ಳಿಜಾತಿಯ ಗಿಡಗಳನ್ನು ಸೂರಿನಡಿಗೆ ಎಳೆದು, ಮಣ್ಣು ತಳದವರೆಗೆ ಒಣಗಿದಾಗ ಒಂದು ಲೋಟ ನೀರು ಕೊಟ್ಟರೆ ಸಾಕು. ಅಡೀನಿಯಂನ ಬುಡವನ್ನು ವಾರಕ್ಕೊಮ್ಮೆ ಒತ್ತಿ ನೋಡಿ. ಮೆತ್ತಗಾಗಿದ್ದು ಮಣ್ಣು ಒದ್ದೆಯಿದ್ದರೆ ಅದು ಕೊಳೆತ. ಕೂಡಲೇ ಕಿತ್ತು, ಕೊಳೆತದ್ದನ್ನು ಬಿಳಿ ತಿರುಳು ಕಾಣುವವರೆಗೆ ಕೊಯ್ದು, ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ ಮತ್ತೆ ನೆಡಿ. ಗುಲಾಬಿಗೆ ಮಳೆಯಲ್ಲಿ ಕತ್ತರಿ ಮುಟ್ಟಿಸಬೇಡಿ, ಕೊಯ್ದ ಬಾಯಿಯಿಂದ ರೆಂಬೆ ಕಪ್ಪಾಗಿ ಒಣಗುತ್ತಾ ಬರುತ್ತದೆ. ಅದರ ಸವರುವಿಕೆ ಅಕ್ಟೋಬರ್ ಮೊದಲ ಹದಿನೈದು ದಿನದ ಕೆಲಸ.

ಖಾಲಿ ಕುಂಡದ ಮಣ್ಣು

ಖಾಲಿ ಕುಂಡವನ್ನು ಮಳೆಗೆ ತೆರೆದಿಡುವುದು ಈ ಕಾಲದ ದೊಡ್ಡ ನಷ್ಟ. ನಾಲ್ಕು ತಿಂಗಳ ನೀರು ಮಣ್ಣನ್ನು ತೊಳೆದು ಸತ್ವವಿಲ್ಲದ ಗಟ್ಟಿ ಹೆಂಟೆ ಮಾಡಿಬಿಡುತ್ತದೆ. ಸುಲಭದ ದಾರಿ ಎಂದರೆ ಅಡುಗೆಮನೆಯ ಡಬ್ಬದಿಂದ ಒಂದು ಹಿಡಿ ಇಡೀ ಹೆಸರುಕಾಳು ಅಥವಾ ಅಲಸಂಡೆ ತೆಗೆದು ಒತ್ತೊತ್ತಾಗಿ ಚೆಲ್ಲುವುದು. 30ರಿಂದ 40 ದಿನಕ್ಕೆ ಮೊದಲ ಮೊಗ್ಗು ಕಾಣುತ್ತದೆ. ಆಗಲೇ ಬುಡಕ್ಕೆ ಕತ್ತರಿಸಿ, ಚೂರು ಮಾಡಿ, ಮೇಲಿನ ನಾಲ್ಕು ಇಂಚು ಮಣ್ಣಿಗೆ ಬೆರೆಸಿ ಮೂರು ವಾರ ಬಿಡಿ. ಕಾಯಿ ಕಟ್ಟುವವರೆಗೆ ಕಾದರೆ ಬೇರಿನ ಗಂಟುಗಳ ಸಾರಜನಕವೆಲ್ಲ ಕಾಳಿಗೆ ಹೋಗುತ್ತದೆ, ಮಣ್ಣಿಗೆ ಉಳಿಯುವುದು ನಾರು ಮಾತ್ರ. ಕಾಳು ಬಿತ್ತುವ ಮನಸ್ಸಿಲ್ಲದಿದ್ದರೆ ಕುಂಡದ ಬಾಯಿಗೆ ಹಳೆಯ ಪ್ಲಾಸ್ಟಿಕ್ ಹಾಳೆ ಕಟ್ಟಿ ಮೂಲೆಗೆ ಸರಿಸಿ, ಅಷ್ಟಾದರೂ ಸಾಕು.

ಕಾಂಪೋಸ್ಟ್ ಡಬ್ಬಕ್ಕೆ ಮಾತ್ರ ಬಿಡುವಿಲ್ಲ. ಮಳೆಯಲ್ಲಿ ಅದು ನಾರುವುದಕ್ಕೆ ಒಣ ಸರಕು ಸಾಲದಿರುವುದೇ ಕಾರಣ. ಒಂದು ಬಟ್ಟಲು ತರಕಾರಿ ಸಿಪ್ಪೆಗೆ ಎರಡು ಬಟ್ಟಲು ಒಣ ಎಲೆ ಅಥವಾ ಒಣ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ, ಮೂರು ದಿನಕ್ಕೊಮ್ಮೆ ಕೆದಕಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು. ಮೂಗಿಗೆ ಚುರ್ರೆನ್ನುವ ಅಮೋನಿಯ ವಾಸನೆ ಬಂದರೆ ಹಸಿ ಸರಕು ಹೆಚ್ಚಾಗಿದೆ. ಬೂದು ಬಣ್ಣದ ದಪ್ಪ ಹುಳುಗಳು ಕಂಡರೆ ಹೆದರಬೇಡಿ, ಅವು ಕಪ್ಪು ಸೋಲ್ಜರ್ ನೊಣದ ಮರಿಗಳು, ಸಿಪ್ಪೆಯನ್ನು ಬೇಗ ತಿಂದು ಮುಗಿಸುತ್ತವೆ. ಒಣ ಎಲೆಯನ್ನು ಬೇಸಿಗೆಯಲ್ಲಿ ಮರಗಳು ಉದುರಿಸುವಾಗಲೇ ಗೋಣಿಯಲ್ಲಿ ತುಂಬಿಟ್ಟವರಿಗೆ ಈ ತಾಪತ್ರಯವಿಲ್ಲ.

ಭಾನುವಾರದ ಹದಿನೈದು ನಿಮಿಷ

ಬಿಡುವು ಅಂದರೆ ವಾರಕ್ಕೆ ಒಂದೇ ಸುತ್ತು. ದಿನಾ ಹೋಗಿ ನೋಡಿದರೆ ಕೈ ಸುಮ್ಮನಿರುವುದಿಲ್ಲ. ನೀರು ಹಾಕುತ್ತೀರಿ, ಎಲೆ ಚಿವುಟುತ್ತೀರಿ, ಗಿಡಕ್ಕೆ ಬೇಡದ್ದೆಲ್ಲ ಮಾಡುತ್ತೀರಿ. ಹಳದಿ ಎಲೆ, ಬಿದ್ದ ಎಲೆ ಆರಿಸುವುದು, ತೂತುಗಳಿಂದ ನೀರು ಇಳಿಯುತ್ತಿದೆಯೇ ನೋಡುವುದು, ಎಲ್ಲೂ ನೀರು ನಿಂತಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಇಷ್ಟೇ. ದೊಡ್ಡ ಬಸವನಹುಳುಗಳನ್ನು ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಹೆಕ್ಕಿ. ಬರಿಗೈಯಲ್ಲಿ ಮುಟ್ಟಬಾರದು, ಅವುಗಳ ಲೋಳೆಯಲ್ಲಿ ರೋಗ ತರುವ ಪರಾವಲಂಬಿ ಹುಳು ಇರಬಹುದು. ಕುಂಡಕ್ಕೆ ಉಪ್ಪು ಸುರಿದರೆ ಹುಳು ಸಾಯುತ್ತದೆ, ಮಣ್ಣೂ ಕೆಡುತ್ತದೆ.

ಒಂದು ಸಂಗತಿ ಹಲವರ ಕಣ್ಣು ತಪ್ಪಿಸುತ್ತದೆ. ಮೇಲಿನ ಮನೆಯ ಸ್ಲ್ಯಾಬಿನಡಿ, ಗೋಡೆಗೆ ಒರಗಿರುವ ಕುಂಡಗಳಿಗೆ ಮಳೆ ಬೀಳುವುದೇ ಇಲ್ಲ. ಹೊರಗೆ ಧೋ ಎಂದು ಸುರಿಯುತ್ತಿರುವಾಗ ಒಳಸಾಲಿನ ಗಿಡ ಬಾಯಾರಿ ಸಾಯುತ್ತಿರುತ್ತದೆ. ಬೆರಳನ್ನು ಎರಡು ಇಂಚು ಒಳಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಿ.

ಕತ್ತರಿ, ಖುರ್ಪಿಗಳಿಗೆ ಒಂದು ಮಧ್ಯಾಹ್ನ ಕೊಡಿ: ಮರಳುಕಾಗದದಿಂದ ತುಕ್ಕು ಉಜ್ಜಿ, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಹಳೆಯ ಬಟ್ಟೆಯಲ್ಲಿ ಸುತ್ತಿಡಿ. ಮಣ್ಣಿನ ಕುಂಡದ ಹೊರಮೈಯ ಬಿಳಿ ಉಪ್ಪು ಒಂದು ಪಾಲು ವಿನೆಗರ್, ಮೂರು ಪಾಲು ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಬಿಡುತ್ತದೆ. ರೋಗ ಬಂದಿದ್ದ ಕುಂಡವನ್ನು ಬ್ಲೀಚಿನಿಂದ ತೊಳೆಯುವುದಾದರೆ ಅದನ್ನು ಬೇರೆ ದಿನ ಮಾಡಿ. ಬ್ಲೀಚ್, ವಿನೆಗರ್ ಒಂದಕ್ಕೊಂದು ಸೇರಿದರೆ ವಿಷಾನಿಲ ಹುಟ್ಟುತ್ತದೆ.

ಬೀಜದ ಡಬ್ಬ

ಮುಂಬಯಿಯಲ್ಲಿ ಬೀಜ ಕೆಡುವುದು ಬಿತ್ತಿದ ಮೇಲಲ್ಲ, ಜುಲೈಯಲ್ಲಿ ಕಪಾಟಿನೊಳಗೆ. ಬೀಜದೊಳಗಿನ ತೇವ ಶೇ. 1ರಷ್ಟು ಏರಿದರೆ ಅದರ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಬೀಜ ತಜ್ಞರು ಬಹುಕಾಲದಿಂದ ಬಳಸುತ್ತಿರುವ ಲೆಕ್ಕ. ಒಂದು ಕಪ್ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹುರಿದು, ಮುಚ್ಚಿದ ಪಾತ್ರೆಯಲ್ಲೇ ಪೂರ್ತಿ ತಣಿಸಿ, ಗಾಜಿನ ಬಾಟಲಿಯ ತಳಕ್ಕೆ ಹಾಕಿ. ಅದರ ಮೇಲೆ ಕಾಗದದ ಪೊಟ್ಟಣಗಳಲ್ಲಿ ಬೀಜ, ಪ್ರತಿಯೊಂದರ ಮೇಲೂ ಹೆಸರು, ವರ್ಷ. ಬಿಗಿಯಾಗಿ ಮುಚ್ಚಿ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ. ಎರಡು ವಾರಕ್ಕೊಮ್ಮೆ ಅಕ್ಕಿಯನ್ನು ಮತ್ತೆ ಹುರಿಯಿರಿ. ಹೊರತೆಗೆದಾಗ ಬಾಟಲಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. ಅವಸರ ಮಾಡಿದರೆ ತಣ್ಣನೆಯ ಬೀಜದ ಮೇಲೆ ಬೆವರು ಕೂತು ಮಾಡಿದ್ದೆಲ್ಲ ವ್ಯರ್ಥ.

ಯಾವುದು ಬದುಕಿದೆ ಎಂದು ತಿಳಿಯಲು ಹತ್ತು ಬೀಜಗಳನ್ನು ಒದ್ದೆ ಟಿಶ್ಯೂವಿನಲ್ಲಿ ಮಡಿಸಿ ಡಬ್ಬದೊಳಗೆ ಏಳು ದಿನ ಇಡಿ. ಮೆಣಸು, ಬದನೆಗಾದರೆ ಹನ್ನೆರಡು ದಿನ. ಎಂಟು ಅಥವಾ ಹೆಚ್ಚು ಮೊಳೆತರೆ ನಿಶ್ಚಿಂತೆ. ಐದರಿಂದ ಏಳಾದರೆ ಬಿತ್ತುವಾಗ ದುಪ್ಪಟ್ಟು ಹಾಕಿ. ಅದಕ್ಕೂ ಕಡಿಮೆಯಾದರೆ ಹೊಸತು ತನ್ನಿ. ಈರುಳ್ಳಿ ಬೀಜವನ್ನಂತೂ ವರ್ಷ ದಾಟಿಸಬೇಡಿ. ಟೊಮೆಟೊ, ಸೌತೆ ಬೀಜ ನಾಲ್ಕು ವರ್ಷವಾದರೂ ಬರುತ್ತವೆ.

ಡಿಸೆಂಬರಿನ ಬಿಸಿಲನ್ನು ಜುಲೈಯಲ್ಲೇ ಅಳೆಯಿರಿ

ಈ ರಜೆಯಲ್ಲಿ ಮಾಡಬಹುದಾದ ಅತಿ ಬೆಲೆಬಾಳುವ ಕೆಲಸ ಇದು. ಬೇಕಾದ್ದು ಅಳತೆಪಟ್ಟಿ, ಫೋನಿನ ದಿಕ್ಸೂಚಿ, ಒಂದು ಹಾಳೆ.

ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮುಂಬಯಿಯ ನಡುಹಗಲ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ಅವನೇ ದಕ್ಷಿಣಕ್ಕೆ ವಾಲಿ, ಸುಮಾರು 47 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ಬೇಸಿಗೆಯ ಬಿಸಿಲನ್ನು ನೆನಪಿಟ್ಟುಕೊಂಡು ಚಳಿಗಾಲದ ಕುಂಡ ಜೋಡಿಸುವವರು ಸೋಲುವುದು ಇಲ್ಲೇ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಗೆ ಸೆಪ್ಟೆಂಬರ್ 23ರ ಸುಮಾರಿನಿಂದ ಮಾರ್ಚ್ 20ರವರೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಅಲ್ಲಿ ಟೊಮೆಟೊ ಆಸೆ ಬಿಟ್ಟು ಪುದಿನ, ದೊಡ್ಡಪತ್ರೆ, ವೀಳ್ಯದೆಲೆ ಬೆಳೆಸಿ.

ದಕ್ಷಿಣದ ಬಾಲ್ಕನಿಗೆ ಲೆಕ್ಕ ಹೀಗೆ. ಡಿಸೆಂಬರ್ 21ರ ನಡುಹಗಲಿಗೆ, ಅಂದರೆ ಮುಂಬಯಿಯ ಗಡಿಯಾರದಲ್ಲಿ 12:35ರ ಆಸುಪಾಸಿಗೆ, ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಹತ್ತರಲ್ಲಿ ಒಂಬತ್ತು ಪಾಲು ಉದ್ದವಿರುತ್ತದೆ. ನಿಮ್ಮ ಕಟ್ಟೆಗೋಡೆ 3 ಅಡಿ ಇದ್ದರೆ ಅದರ ನೆರಳು ಒಳಗೆ ಸುಮಾರು 2 ಅಡಿ 9 ಇಂಚಿನವರೆಗೆ ಬರುತ್ತದೆ. ಅಷ್ಟರೊಳಗೆ ನೆಲದ ಮೇಲೆ ಇಟ್ಟ ಕುಂಡಕ್ಕೆ ಆ ಹೊತ್ತಿನಲ್ಲೂ ಬಿಸಿಲಿಲ್ಲ. ಬಾಲ್ಕನಿಯ ತೆರೆದ ಭಾಗದ ಮೇಲಂಚು 7 ಅಡಿ ಎತ್ತರದಲ್ಲಿದ್ದರೆ ಬಿಸಿಲು ಹೊರ ಅಂಚಿನಿಂದ ಒಳಕ್ಕೆ 6 ಅಡಿ 4 ಇಂಚಿನವರೆಗೆ ಬರುತ್ತದೆ. ಹೀಗಾಗಿ ಒಳಗಿನ ಗೋಡೆಯ ಪಕ್ಕವೇ ಚಳಿಗಾಲದ ಒಳ್ಳೆಯ ಜಾಗ. ಕಟ್ಟೆಯ ಬುಡದಲ್ಲಿ ಇಡಲೇಬೇಕಾದರೆ ಎರಡು ಅಡಿಯ ಸ್ಟ್ಯಾಂಡ್ ಬೇಕು. ಜಾಲರಿ ಕಟಾಂಜನವಿದ್ದವರಿಗೆ ಈ ತೊಂದರೆಯಿಲ್ಲ.

ಎದುರುಗಡೆ ಕಟ್ಟಡವಿದ್ದರೆ ಅದೇ ಸೂತ್ರ. ನಿಮ್ಮ ಮನೆಯ ನೆಲದಿಂದ ಮೇಲಕ್ಕೆ ಅದು ಇನ್ನೂ 60 ಅಡಿ ಎದ್ದಿದ್ದರೆ ನೆರಳು ಸುಮಾರು 55 ಅಡಿ. ನಡುವಿನ ಅಂತರ ಅದಕ್ಕಿಂತ ಹೆಚ್ಚಿದ್ದರೆ ನಡುಹಗಲ ಬಿಸಿಲು ನಿಮಗೆ ಸಿಗುತ್ತದೆ. ಈ ಗೆರೆಗಳನ್ನು ಹಾಳೆಯಲ್ಲಿ ಎಳೆದು, ಪ್ರತಿ ಚೌಕಕ್ಕೂ ಒಂದೊಂದು ಗಿಡದ ಹೆಸರು ಬರೆಯಿರಿ. ಟೊಮೆಟೊ, ಬದನೆ, ಮೆಣಸಿಗೆ ಐದಾರು ಗಂಟೆ ನೇರ ಬಿಸಿಲು ಬೇಕು. ಸೊಪ್ಪುಗಳಿಗೆ ಮೂರು ಗಂಟೆಯಾದರೂ ನಡೆಯುತ್ತದೆ. ಬೀದಿದೀಪದ ಬೆಳಕು ಬೀಳುವ ಮೂಲೆಗೂ ಒಂದು ಗುರುತು ಹಾಕಿ: ಸೇವಂತಿಗೆ ಮೊಗ್ಗು ಬಿಡಲು ಉದ್ದನೆಯ ಕತ್ತಲು ಬೇಕು, ರಾತ್ರಿಯಿಡೀ ದೀಪ ಕಾಣುವ ಕಡೆ ಅದು ಎಲೆಯನ್ನೇ ಬಿಡುತ್ತಾ ಇರುತ್ತದೆ.

ಕಣ್ಣಿಗೆ ಹುರುಪು ತುಂಬುವ ಜಾಗಗಳು

ಫೋನಿನಲ್ಲಿ ಬೇರೆಯವರ ತೋಟ ನೋಡಿದರೆ ಆಸೆ ಹುಟ್ಟುತ್ತದೆ, ಆದರೆ ಆ ತೋಟ ಬೆಂಗಳೂರಿನದೋ ದಿಲ್ಲಿಯದೋ ಆಗಿದ್ದರೆ ನಮ್ಮ ಹವೆಗೆ ಹೊಂದುವುದಿಲ್ಲ. ಮಳೆ ತುಸು ಬಿಟ್ಟ ದಿನ ಕೊಡೆ ಹಿಡಿದು ಹೊರಡಿ, ಪುಸ್ತಕ ಜೊತೆಗಿರಲಿ.

ಭಾಯಖಳಾದ ರಾಣಿಬಾಗ್, ಅಂದರೆ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ, 1860ರ ದಶಕದ ಸಸ್ಯೋದ್ಯಾನ. ಪ್ರಾಣಿ ನೋಡುವ ಗುಂಪು ಮುಂದೆ ಹೋಗಲಿ, ನೀವು ಹಳೆಯ ಮರಗಳ ಬುಡದಲ್ಲಿ ನಿಲ್ಲಿ. ದಟ್ಟ ನೆರಳಲ್ಲಿ ಯಾವ ಜರಿಗಿಡ ಹಬ್ಬಿದೆ, ಕಾಂಡವನ್ನು ತಬ್ಬಿ ಏರಿದ ಬಳ್ಳಿ ಯಾವುದು, ಯಾವ ಎಲೆಯ ಪಕ್ಕ ಯಾವ ಎಲೆ ಎದ್ದು ಕಾಣುತ್ತದೆ ಎಂದು ಬರೆದುಕೊಳ್ಳಿ. ಬಿಸಿಲಿಲ್ಲದ ಬಾಲ್ಕನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಬುಧವಾರ ಬಾಗಿಲು ಮುಚ್ಚಿರುತ್ತದೆ. ಮಾಹಿಮ್ ಕಡೆಯವರಿಗೆ ಧಾರಾವಿ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕ್ ಹತ್ತಿರ. ಒಂದು ಕಾಲಕ್ಕೆ ಅದು ಊರಿನ ಕಸ ಸುರಿಯುತ್ತಿದ್ದ ಜಾಗ. 37 ಎಕರೆಯ ಆ ತಿಪ್ಪೆಯ ಮೇಲೆ ಈಗ ಕಾಡು ನಿಂತಿದೆ. ಮಣ್ಣು ಕಟ್ಟುವುದರಲ್ಲಿ ನಂಬಿಕೆ ಕಳೆದುಕೊಂಡವರು ಒಮ್ಮೆ ನೋಡಲೇಬೇಕು.

ಇನ್ನೊಂದು ಶಾಲೆ ಮಾರುಕಟ್ಟೆ. ಜೂನಿನಿಂದ ಆಗಸ್ಟಿನವರೆಗೆ ಪಾಲಘರ್, ವಸಯಿ, ಠಾಣೆ ಕಡೆಯ ಆದಿವಾಸಿ ಹೆಂಗಸರು ನಿಲ್ದಾಣಗಳ ಹೊರಗೆ ರಾನಭಾಜಿ, ಅಂದರೆ ಕಾಡು ತರಕಾರಿ ತಂದು ಕೂರುತ್ತಾರೆ. ಟಾಕಳಾ ಎಂದು ಅವರು ಮಾರುವುದು ನಮ್ಮ ತಜಂಕ್. ಅಳು ಎಂದರೆ ಕೆಸು, ಕರ್ಟೋಲಿ ಎಂದರೆ ಮಡಹಾಗಲ. ಈ ಮಳೆ, ಈ ಮೋಡದಲ್ಲೂ ಯಾರ ಆರೈಕೆಯಿಲ್ಲದೆ ಬೆಳೆದದ್ದು ಯಾವುದು ಎನ್ನುವುದಕ್ಕೆ ಆ ಬುಟ್ಟಿಗಳೇ ಉತ್ತರ. ಮುಂದಿನ ವರ್ಷದ ಮಳೆಗಾಲಕ್ಕೆ ನಿಮ್ಮ ಕುಂಡದಲ್ಲಿ ಇರಬೇಕಾದ್ದೂ ಅವೇ. ಮಡಹಾಗಲದ ಗೆಡ್ಡೆ ಸಿಗುತ್ತದೆಯೇ ಕೇಳಿ. ಗಂಡು, ಹೆಣ್ಣು ಬೇರೆ ಬೇರೆ ಬಳ್ಳಿ, ಎರಡೂ ಇಲ್ಲದಿದ್ದರೆ ಕಾಯಿ ಕಟ್ಟದು. ಶೇವಳಾ ಎಂಬ ಕಾಡು ತರಕಾರಿ ಕೊಂಡರೆ ಅಡುಗೆಯ ವಿಧಾನವನ್ನು ಮಾರುವವರಿಂದಲೇ ಕೇಳಿ ತಿಳಿದುಕೊಳ್ಳಿ, ಹುಳಿ ಹಾಕಿ ಸರಿಯಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ.

ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಇಳಿಜಾರುಗಳಲ್ಲಿ ಕಾರ್ವಿ ಗಿಡ ಹಸಿರಾಗಿರುತ್ತದೆ. ಏಳು ವರ್ಷ ಎಲೆ ಮಾತ್ರ ಬಿಟ್ಟು ಎಂಟನೆಯ ವರ್ಷ ಒಟ್ಟಿಗೇ ಹೂ ಬಿಡುವ ಗಿಡ ಅದು. ಇಲ್ಲಿ 2016ರಲ್ಲಿ ಅರಳಿತು, 2024ರಲ್ಲಿ ಅರಳಿತು, ಇನ್ನು 2032. ದೂರ ಹೋಗಬಲ್ಲವರಿಗೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ ಇದೆ. ಬಂಡೆಯ ಮೇಲೆ ಎರಡು ಮೂರು ಇಂಚು ಮಣ್ಣಿನಲ್ಲಿ ಹೂವಿನ ಹಾಸು ಹರಡಿರುತ್ತದೆ. ಆಳವಿಲ್ಲದ ಟ್ರೇ ನೋಡಿ ನಿರಾಶರಾಗುವವರು ಅಲ್ಲಿಯ ಮಣ್ಣಿನ ಆಳವನ್ನು ಗಮನಿಸಿ. ವಾರಾಂತ್ಯ ಬೇಡ, ಪ್ರವೇಶವನ್ನು ಮೊದಲೇ ಕಾದಿರಿಸಿ.

ಕೈ ಸುಮ್ಮನಿರದವರಿಗೆ

ಜುಲೈಯ ತೇವದಲ್ಲಿ ಕಡ್ಡಿಗಳು ಬೇಗ ಬೇರು ಬಿಡುತ್ತವೆ. ದಾಸವಾಳ, ಕ್ರೋಟನ್, ಸೇವಂತಿಗೆ ಕಡ್ಡಿಗಳನ್ನು ನಾಲ್ಕರಿಂದ ಆರು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ಕೊಕೊಪೀಟ್ ಸಮಸಮ ಬೆರೆಸಿದ ಸಣ್ಣ ಕುಂಡದಲ್ಲಿ ಊರಿ. ಹಳೆಯ ತೋಟದ ಮಣ್ಣು ಬಳಸಿದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಮೇ ತಿಂಗಳಲ್ಲಿ 12 ಇಂಚಿನ ಕುಂಡಕ್ಕೆ ಮೂರು ಅರಿಶಿನದ ಕೊಂಬು ಎರಡು ಇಂಚು ಆಳಕ್ಕೆ ಹಾಕಿಟ್ಟವರಿಗೆ ನಾಗರ ಪಂಚಮಿಯ ಕಡುಬಿಗೆ ಎಲೆ ಮನೆಯಲ್ಲೇ ಸಿಗುತ್ತದೆ. ಪ್ರತಿ ಗಿಡದಿಂದ ಒಂದೆರಡು ಎಲೆ ಮಾತ್ರ ಕೊಯ್ಯಿರಿ, ಹೆಚ್ಚಾದರೆ ಗೆಡ್ಡೆ ಬಡವಾಗುತ್ತದೆ.

ಚೌತಿಗೆ ಊರಿಗೆ ಹೋದವರು ಬರಿಗೈಯಲ್ಲಿ ಬರಬೇಡಿ. ಬಸಳೆ ಕಡ್ಡಿ ಪೆನ್ಸಿಲ್ ದಪ್ಪದ್ದು, ಮೂರು ನಾಲ್ಕು ಗಿಣ್ಣಿರುವುದು ಇರಲಿ. ಎಲೆ ತೆಗೆದು, ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಚೀಲದ ಬಾಯಿ ತೆರೆದಿಟ್ಟರೆ ಮತ್ಸ್ಯಗಂಧ ರೈಲಿನ ಒಂದು ರಾತ್ರಿಯ ಪ್ರಯಾಣ ಏನೂ ಅಲ್ಲ. ಬಾಯಿ ಬಿಗಿದರೆ ಕುರ್ಲಾ ತಲುಪುವಷ್ಟರಲ್ಲಿ ಬೆಂದಂತಾಗಿರುತ್ತದೆ. ಬಂದ ದಿನವೇ ಎರಡು ಗಿಣ್ಣು ಮಣ್ಣಿನೊಳಗಿರುವಂತೆ ನೆಡಿ. ಕೆಸುವಿನ ಗೆಡ್ಡೆಯನ್ನು ಮಾತ್ರ ತೊಳೆಯದೆ, ಮಣ್ಣು ಕೊಡವಿ ಒಣದಾಗಿ ತನ್ನಿ. ಮಟ್ಟುಗುಳ್ಳ ಬದನೆಯ ಬೀಜ ಸಿಕ್ಕರೆ ಅದೃಷ್ಟ. ಚೌತಿ ಮುಗಿಸಿ ಬಂದು ಬಿತ್ತಿದರೆ ಅಕ್ಟೋಬರಿಗೆ ಸಸಿ ಸಿದ್ಧ, ಒಂದು ಗಿಡಕ್ಕೆ 14 ಇಂಚಿನ ಕುಂಡ.

ಆಗಸ್ಟ್ 15ರ ನಂತರ

ಇಲ್ಲಿಗೆ ರಜೆ ಮುಗಿಯುತ್ತಾ ಬಂತು. ಟೊಮೆಟೊ, ಮೆಣಸಿನ ಬೀಜವನ್ನು ಆಗಸ್ಟ್ ಕೊನೆಯ ವಾರ ಪ್ರೋ ಟ್ರೇಯಲ್ಲಿ (ಸಣ್ಣ ಗುಳಿಗಳ ಸಸಿ ತಟ್ಟೆ) ಹೊಸ ಕೊಕೊಪೀಟ್ ಹಾಕಿ, ಮಳೆ ತಾಗದ ಆದರೆ ಬೆಳಕಿರುವ ಕಿಟಕಿಯಲ್ಲಿ ಬಿತ್ತಿ. ನೀರನ್ನು ಟ್ರೇಯ ಕೆಳಗಿನಿಂದ ಕೊಡಿ. ಮೇಲಿಂದ ಚಿಮುಕಿಸಿದರೆ ಸಸಿಯ ಕುತ್ತಿಗೆ ಕೊಳೆತು ಒಂದೇ ರಾತ್ರಿಯಲ್ಲಿ ಸಾಲು ಸಾಲೇ ಮಲಗುತ್ತದೆ. ನಾಲ್ಕೈದು ವಾರಕ್ಕೆ ನಾಟಿ.

ಕೊತ್ತಂಬರಿ, ಪಾಲಕ್‌ಗೆ ಅವಸರ ಮಾಡಬೇಡಿ. ಮಳೆ ಹಿಂದೆ ಸರಿಯುವುದು ಅಕ್ಟೋಬರ್ ಮೊದಲ ಅಥವಾ ಎರಡನೇ ವಾರ, ಅದರ ಬೆನ್ನಿಗೇ 34-35 ಡಿಗ್ರಿಯ ಸೆಕೆ. 30 ಡಿಗ್ರಿ ದಾಟಿದ ಮಣ್ಣಿನಲ್ಲಿ ಇವು ಸರಿಯಾಗಿ ಮೊಳೆಯುವುದಿಲ್ಲ. ಮೆಂತ್ಯ, ಮೂಲಂಗಿಯನ್ನು ಅಕ್ಟೋಬರ್ ಕೊನೆಗೆ, ಕೊತ್ತಂಬರಿ, ಪಾಲಕ್ ಅನ್ನು ನವೆಂಬರ್ ಮಧ್ಯಕ್ಕೆ ಬಿತ್ತಿ. ಹಿಟ್ಟುತಿಗಣೆಯೂ ಇದೇ ಸೆಕೆಯಲ್ಲಿ ಮರಳುತ್ತದೆ, ಎಲೆಯ ಬುಡಗಳನ್ನು ಆಗ ವಾರಕ್ಕೆರಡು ಸಲ ನೋಡಿ.

ಮಳೆಯಲ್ಲಿ ಎಳೆದ ಆ ಹಾಳೆಯಲ್ಲಿ ಇಪ್ಪತ್ತು ಹೆಸರಿದ್ದರೆ ಐದಕ್ಕೆ ಇಳಿಸಿ. ಮನೆಯವರು ನಿಜವಾಗಿ ತಿನ್ನುವ ಮೂರು, ದೇವರ ಮುಂದಿಡಲು ಒಂದು ಹೂವು, ಇದುವರೆಗೆ ಬೆಳೆಯದ ಒಂದು. ಐದಕ್ಕೂ ಎಷ್ಟು ಮಣ್ಣು ಬೇಕೆಂದು ಕೂಡಿ ನೋಡಿ: ಟೊಮೆಟೊ ಗಿಡವೊಂದಕ್ಕೆ 15ರಿಂದ 20 ಲೀಟರ್, ಮೆಣಸಿಗೆ 8ರಿಂದ 10, ಮೆಂತ್ಯದ ಟ್ರೇಗೆ 5 ಇಂಚು ಆಳ. ಮೂರು ಪಾಲು ಹಳೆಯ ಮಣ್ಣಿಗೆ ಒಂದು ಪಾಲು ಎರೆಗೊಬ್ಬರ, 20 ಲೀಟರಿಗೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ, ನಾಟಿಗೆ ಹದಿನೈದು ದಿನ ಮೊದಲೇ ಕಲಸಿಡಿ. ಎರೆಗೊಬ್ಬರ, ಹಿಂಡಿಯನ್ನು ಸೆಪ್ಟೆಂಬರಿನಲ್ಲೇ ತಂದುಕೊಳ್ಳಿ, ದಸರೆಯ ಹೊತ್ತಿಗೆ ಎಲ್ಲರೂ ನರ್ಸರಿಗೆ ಧಾವಿಸುತ್ತಾರೆ.